'ಯು ಆಲ್‌ರೈಟ್?' ಅಂದ್ರೆ ಆರೋಗ್ಯ ವಿಚಾರಣೆಯಲ್ಲ! ಬ್ರಿಟಿಷರ ಜೊತೆ ಮಾತಿಗಿಳಿಯುವ ಮುನ್ನ ಇದನ್ನು ಓದಿ

ಪುಣೆಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಹೋದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಊರಿಗೆ ಕಾಲಿಟ್ಟು ಇನ್ನೂ ಒಂದು ವಾರ. ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಎದುರಾದ ಸಹಪಾಠಿ 'ಯು ಆಲ್‌ರೈಟ್?' ಎನ್ನುತ್ತಾನೆ. ಈಕೆಗೆ ಗಾಬರಿ. ನನ್ನ ಮುಖ ಬಾಡಿದೆಯಾ? ರಾತ್ರಿ ಅತ್ತಿದ್ದು ಗೊತ್ತಾಯ್ತಾ? 'ನಿದ್ದೆ ಬರಲಿಲ್ಲ, ಸ್ವಲ್ಪ ಶೀತ, ಮನೆ ನೆನಪಾಗುತ್ತಿದೆ' ಎಂದು ಹೇಳಲು ಶುರು ಮಾಡುವಷ್ಟರಲ್ಲಿ ಆತ ಚಹಾದ ಮಗ್ ಹಿಡಿದು ಹೊರಟೇಬಿಟ್ಟಿರುತ್ತಾನೆ. ಇವರಿಗೆ ಮನುಷ್ಯತ್ವವೇ ಇಲ್ಲ ಎಂದು ಈಕೆ ಅಂದುಕೊಳ್ಳುತ್ತಾಳೆ. ಬರೀ ನಮಸ್ಕಾರ ಹೇಳಿದರೆ ಇವಳು ಇಡೀ ಕಥೆ ಶುರು ಮಾಡಿದಳಲ್ಲ ಎಂದು ಆತ ಅಂದುಕೊಳ್ಳುತ್ತಾನೆ.

ಇಲ್ಲಿ ಇಬ್ಬರದ್ದೂ ತಪ್ಪಿಲ್ಲ. ಇಬ್ಬರಿಗೂ ಇಂಗ್ಲಿಷ್ ಗೊತ್ತು. ಆದರೆ ಮಾತಿನ ಹಿಂದಿನ ರೀತಿ ರಿವಾಜು ಬೇರೆ ಬೇರೆ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಂತಹ ನಗರಗಳಿಂದ ಓದಿಗೆ, ಕೆಲಸಕ್ಕೆ, ಮಗಳ ಬಾಣಂತನಕ್ಕೆ ಬ್ರಿಟನ್‌ಗೆ ಹೋಗುವ ಕನ್ನಡಿಗರು ಕಡಿಮೆಯೇನಿಲ್ಲ. ಹೋಗದೆಯೂ ದಿನಾ ಸಂಜೆ ಲಂಡನ್ನಿನ ಕ್ಲೈಂಟ್ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುವವರು ಇನ್ನೂ ಹೆಚ್ಚು. ಅಂಥವರಿಗೆ ವ್ಯಾಕರಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿಷಯ ಇದು. ಬ್ರಿಟಿಷರು ಯಾವಾಗ ಏನು ಹೇಳುತ್ತಾರೆ, ಅದರ ಅರ್ಥವೇನು, ನಾವೇನು ಹೇಳಬೇಕು? ಇಲ್ಲಿದೆ ವಿವರ.

1888ರಲ್ಲೇ ಗಾಂಧೀಜಿಗೆ ಸಿಕ್ಕಿತ್ತು ಈ ಪಾಠ

ಕಾನೂನು ಓದಲು ಗಾಂಧೀಜಿ ಲಂಡನ್‌ಗೆ ಹೋಗಿದ್ದು 1888ರಲ್ಲಿ. ಅಲ್ಲಿ ಅವರನ್ನು ಮೊದಲು ಭೇಟಿಯಾದವರಲ್ಲಿ ಡಾ. ಪ್ರಾಣಜೀವನ ಮೆಹ್ತಾ ಒಬ್ಬರು. ಮಾತಾಡುತ್ತಾ ಗಾಂಧೀಜಿ ಕುತೂಹಲಕ್ಕೆ ಮೆಹ್ತಾ ಅವರ ಟೋಪಿ ಎತ್ತಿಕೊಂಡು ಅದರ ನವಿರಾದ ಮೇಲ್ಮೈ ಮೇಲೆ ಉಲ್ಟಾ ಕೈಯಾಡಿಸಿಬಿಟ್ಟರು. ಆಗ ಮೆಹ್ತಾ ಅವರಿಗೆ ಅಲ್ಲೇ ಒಂದಿಷ್ಟು ಕಿವಿಮಾತು ಹೇಳಿದರು. ಬೇರೆಯವರ ವಸ್ತು ಮುಟ್ಟಬಾರದು. ನಮ್ಮಲ್ಲಿ ಮಾಡುವಂತೆ ಮೊದಲ ಪರಿಚಯದಲ್ಲೇ ಪ್ರಶ್ನೆಗಳನ್ನು ಕೇಳಬಾರದು. ಜೋರಾಗಿ ಮಾತಾಡಬಾರದು. ಮಾತುಮಾತಿಗೂ 'ಸರ್' ಎನ್ನಬಾರದು, ಅದು ಅಲ್ಲಿ ಆಳುಗಳು ಯಜಮಾನನಿಗೆ ಹೇಳುವ ಮಾತು. ಈ ಪ್ರಸಂಗವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಅಂದಿನಿಂದ ಬ್ರಿಟನ್ ಬಹಳ ಬದಲಾಗಿದೆ. ಎತ್ತರದ ಟೋಪಿಗಳೂ ಆಳುಗಳೂ ಈಗ ಬೀದಿಯಲ್ಲಿ ಕಾಣುವುದಿಲ್ಲ. ಆದರೆ ಮೆಹ್ತಾ ಹೇಳಿದ ನಾಲ್ಕೂ ಮಾತು ಇಂದಿಗೂ ಹೆಚ್ಚುಕಮ್ಮಿ ಹಾಗೇ ಅನ್ವಯಿಸುತ್ತವೆ. ಕಚೇರಿಯಲ್ಲಿ ಬಾಸ್‌ನನ್ನೂ, ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್‌ರನ್ನೂ ಹೆಸರು ಹಿಡಿದೇ ಕರೆಯುವುದು ಅಲ್ಲಿ ಸಾಮಾನ್ಯ. ನಮ್ಮ ನಾಲಿಗೆಗೆ ಅದು ಮೊದಮೊದಲು ಕಷ್ಟ. ಅಪ್ಪನ ವಯಸ್ಸಿನವರನ್ನು 'ಡೇವಿಡ್' ಎಂದು ಕರೆಯುವುದು ಹೇಗೆ ಎಂಬ ಸಂಕೋಚ ಸಹಜ. ಆದರೆ 'ಸರ್, ಸರ್' ಎಂದರೆ ಎದುರಿನವರಿಗೂ ಅಷ್ಟೇ ಮುಜುಗರವಾಗುತ್ತದೆ.

ಊಟ ಆಯ್ತಾ ಎಂದರೆ ಮೆನು ಹೇಳುತ್ತೇವಾ?

ಈಗ 'ಯು ಆಲ್‌ರೈಟ್?' ಪ್ರಶ್ನೆಗೆ ಬರೋಣ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರು 'ಊಟ ಆಯ್ತಾ?' ಎಂದು ಕೇಳುತ್ತಾರೆ. ಯಾರೂ 'ಅನ್ನ, ತಿಳಿಸಾರು, ಬೀನ್ಸ್ ಪಲ್ಯ' ಎಂದು ಪಟ್ಟಿ ಕೊಡುವುದಿಲ್ಲ. 'ಆಯ್ತು, ನಿಮ್ದು?' ಎಂದು ಮುಂದೆ ಸಾಗುತ್ತೇವೆ. ಊಟ ಆಗಿರದಿದ್ದರೂ ಅಷ್ಟೇ. 'ಏನು ಈ ಕಡೆ?' ಎಂದು ಕೇಳಿದವರಿಗೂ ಬ್ಯಾಂಕಿನ ಕೆಲಸವನ್ನೆಲ್ಲಾ ವಿವರಿಸುವುದಿಲ್ಲ, 'ಹೀಗೇ ಸ್ವಲ್ಪ ಕೆಲಸ ಇತ್ತು' ಎನ್ನುತ್ತೇವೆ.

ಇಂಥ ಮಾತಿಗೆ ಮಾಹಿತಿಯ ಉದ್ದೇಶ ಇರುವುದಿಲ್ಲ. 'ನಿನ್ನನ್ನು ನೋಡಿದೆ, ನಮ್ಮ ನಡುವೆ ಎಲ್ಲ ಸರಿ ಇದೆ' ಎಂದು ತಿಳಿಸುವುದಷ್ಟೇ ಇದರ ಕೆಲಸ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪಾಠ ಮಾಡಿದ್ದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ ಇದಕ್ಕೆ 'ಫ್ಯಾಟಿಕ್ ಕಮ್ಯೂನಿಯನ್' ಎಂದು ಹೆಸರಿಟ್ಟರು. ಸರಳವಾಗಿ ಹೇಳುವುದಾದರೆ, ಸಂಬಂಧ ಬೆಸೆಯುವುದಕ್ಕಾಗಿಯೇ ಆಡುವ ಮಾತು.

ಹಾಗಾಗಿ 'ಯು ಆಲ್‌ರೈಟ್?' ಎಂದರೆ 'ಯೆಸ್, ಥ್ಯಾಂಕ್ಸ್, ಯು?' ಎಂದರೆ ಸಾಕು. 'ಹೌ ಆರ್ ಯು?' ಎಂದರೆ 'ಫೈನ್' ಅಥವಾ 'ನಾಟ್ ಟೂ ಬ್ಯಾಡ್'. ಹಳೆಯ ತಲೆಮಾರಿನವರು ಔಪಚಾರಿಕವಾಗಿ 'ಹೌ ಡು ಯು ಡು?' ಎಂದರೆ ಅದಕ್ಕೆ ಉತ್ತರವೂ 'ಹೌ ಡು ಯು ಡು?' ಎಂಬುದೇ. ಕೇಳಿಸಿಕೊಂಡು ಸುಮ್ಮನೆ ಹೋಗುವುದು ಮಾತ್ರ ತಪ್ಪು. ಊಟ ಆಯ್ತಾ ಎಂದವರಿಗೆ ಉತ್ತರ ಕೊಡದೆ ಹೋದ ಹಾಗೆ ಅದು.

ಸದಾ ಮಳೆ ಬಿಸಿಲಿನ ಮಾತೇ ಏಕೆ?

ಬ್ರಿಟಿಷರು ಹವಾಮಾನದ ಬಗ್ಗೆಯೇ ಮಾತಾಡುತ್ತಾರೆ ಎಂಬುದು ಹೊಸ ತಮಾಷೆಯಲ್ಲ. ಇಬ್ಬರು ಇಂಗ್ಲಿಷರು ಸಿಕ್ಕರೆ ಮೊದಲ ಮಾತು ಹವೆಯದ್ದೇ ಎಂದು ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1758ರಲ್ಲೇ ಬರೆದಿದ್ದರು.

ಇದಕ್ಕೆ ಒಂದು ಕಾರಣ ಭೂಗೋಳ. ಅಟ್ಲಾಂಟಿಕ್ ಸಾಗರ ಮತ್ತು ಯುರೋಪ್ ಖಂಡದ ನಡುವೆ ಇರುವ ಈ ದ್ವೀಪಗಳ ಮೇಲೆ ಬೇರೆ ಬೇರೆ ದಿಕ್ಕಿನ ಗಾಳಿ ಬಂದು ಸೇರುತ್ತದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಜಿಟಿಜಿಟಿ, ಸಂಜೆ ಚಳಿ ಎಲ್ಲವೂ ಒಂದೇ ದಿನ ಕಾಣಬಹುದು. ಹಾಗೆಂದು ಮಳೆ ವಿಪರೀತವೇನಲ್ಲ. ಲಂಡನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮುಂಬೈನಲ್ಲಿ ಅದು 2,000 ಮಿ.ಮೀ. ದಾಟುತ್ತದೆ. ಅಲ್ಲಿನ ಹವೆಯ ವಿಶೇಷ ಇರುವುದು ಪ್ರಮಾಣದಲ್ಲಲ್ಲ, ಅನಿಶ್ಚಿತತೆಯಲ್ಲಿ.

ಇನ್ನೊಂದು ಕಾರಣ ಸಾಮಾಜಿಕ. ಬ್ರಿಟಿಷ್ ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ 2004ರಲ್ಲಿ ಪ್ರಕಟವಾದ 'ವಾಚಿಂಗ್ ದಿ ಇಂಗ್ಲಿಷ್' ಪುಸ್ತಕದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅವರ ಪ್ರಕಾರ ಹವಾಮಾನದ ಮಾತು ಒಂದು ಸಂಕೇತ. ಅಪರಿಚಿತರ ಜೊತೆ ಮಾತಾಡಲು ಸಂಕೋಚಪಡುವ ಜನ ಆ ಸಂಕೋಚ ದಾಟಲು ಬಳಸುವ ಸೇತುವೆ. ಈ ಮಾತಿಗೂ ನಿಯಮಗಳಿವೆ. ಅದರಲ್ಲಿ ಮುಖ್ಯವಾದದ್ದು, ಒಪ್ಪಿಕೊಳ್ಳುವುದು.

ಬಸ್ ಸ್ಟಾಪಿನಲ್ಲಿ ಅಜ್ಜಿಯೊಬ್ಬರು 'ಚಿಲಿ ಟುಡೇ, ಇಸಂಟ್ ಇಟ್?' ಎಂದರೆ 'ಯೆಸ್, ಇಟ್ ಈಸ್, ಇಸಂಟ್ ಇಟ್?' ಎನ್ನಬೇಕು. ಕನ್ನಡಿಗರಿಗೆ ಇದು ಸುಲಭ. ನಾವೂ 'ಏನ್ ಸೆಖೆ ಅಲ್ವಾ?' ಎನ್ನುತ್ತೇವೆ, ಎದುರಿನವರು 'ಅಯ್ಯೋ, ಹೌದಪ್ಪಾ' ಎನ್ನುತ್ತಾರೆ. ಆ 'ಅಲ್ವಾ' ಮತ್ತು ಈ 'ಇಸಂಟ್ ಇಟ್' ಎರಡರ ಕೆಲಸವೂ ಒಂದೇ.

ನಾವು ಎಡವುವುದು ಹೋಲಿಕೆಯಲ್ಲಿ. ಅವರು 28 ಡಿಗ್ರಿಗೇ ಬೆವರುತ್ತಾ 'ಟೂ ಹಾಟ್' ಎಂದಾಗ 'ಇದೇನು ಮಹಾ, ನಮ್ಮ ದೆಹಲಿಯಲ್ಲಿ 45' ಎಂದುಬಿಟ್ಟರೆ ಮಾತು ಅಲ್ಲಿಗೇ ಸತ್ತಿತು. ಅಲ್ಲಿನ ಬಹುತೇಕ ಮನೆಗಳಲ್ಲಿ ಎಸಿ ಇರುವುದಿಲ್ಲ, ಮನೆ ಕಟ್ಟುವುದೇ ಶಾಖವನ್ನು ಒಳಗೆ ಹಿಡಿದಿಡುವಂತೆ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ ಉಷ್ಣಾಂಶ 40.3 ಡಿಗ್ರಿ ತಲುಪಿದಾಗ ಇಡೀ ದೇಶವೇ ತತ್ತರಿಸಿತ್ತು. ಅವರ ಸೆಖೆ ಅವರಿಗೆ ನಿಜವೇ. ಹಾಗೆಯೇ ಅವರು ತಮ್ಮ ಹವೆಯನ್ನು ಎಷ್ಟು ಬೇಕಾದರೂ ಬೈದುಕೊಳ್ಳಲಿ, ನಾವು ಬೈಯುವುದು ಬೇಡ. ಗಂಡನ ಮೇಲೆ ಹೆಂಡತಿ ದೂರಬಹುದು, ಪಕ್ಕದ ಮನೆಯವರು ದೂರಿದರೆ ಆಕೆಗೇ ಸಿಟ್ಟು ಬರುತ್ತದಲ್ಲ, ಹಾಗೆ.

ಹತ್ತಿರ ಬರುವುದು ಮರ್ಯಾದೆಯೋ, ದೂರ ನಿಲ್ಲುವುದೋ?

ರೈಲಿನಲ್ಲಿ ಎದುರು ಕುಳಿತವರ ಊರು, ಕೆಲಸ, ಸಂಬಳ, ಮಕ್ಕಳೆಷ್ಟು, ಮಗಳ ಮದುವೆ ಆಯಿತಾ ಎಂದೆಲ್ಲಾ ಕೇಳುವುದು ನಮಗೆ ಆತ್ಮೀಯತೆ. ಕೇಳದಿದ್ದರೇ ಬಿಗುಮಾನದವರು ಎನಿಸಿಕೊಳ್ಳುತ್ತೇವೆ. ಬ್ರಿಟನ್‌ನಲ್ಲಿ ಇದೇ ಪ್ರಶ್ನೆಗಳು ತನಿಖೆಯಂತೆ ಕೇಳಿಸುತ್ತವೆ.

ಭಾಷಾಶಾಸ್ತ್ರಜ್ಞರಾದ ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಸೌಜನ್ಯದ ಮಾತಿನ ಬಗ್ಗೆ ಮಂಡಿಸಿದ ಸಿದ್ಧಾಂತ ಬಹಳ ಪ್ರಸಿದ್ಧ. ಅದಕ್ಕಾಗಿ ಅವರು ಆರಿಸಿಕೊಂಡ ಮೂರು ಭಾಷೆಗಳಲ್ಲಿ ಇಂಗ್ಲಿಷ್ ಹಾಗೂ ಮೆಕ್ಸಿಕೋದ ಜೆಲ್ಟಾಲ್ ಜೊತೆ ನಮ್ಮ ನೆರೆಯ ತಮಿಳೂ ಒಂದು. ಅವರ ಪ್ರಕಾರ ಮನುಷ್ಯನಿಗೆ ಎರಡು ಬಗೆಯ ಆಸೆ ಇರುತ್ತದೆ. ಒಂದು, ನನ್ನನ್ನು ಬೇರೆಯವರು ತಮ್ಮವನೆಂದು ಸೇರಿಸಿಕೊಳ್ಳಲಿ ಎಂಬುದು. ಇನ್ನೊಂದು, ನನ್ನ ಪಾಡಿಗೆ ನನ್ನನ್ನು ಬಿಡಲಿ ಎಂಬುದು. ಮೊದಲನೆಯದಕ್ಕೆ ಸ್ಪಂದಿಸುವುದು ಒಂದು ಬಗೆಯ ಸೌಜನ್ಯ, ಎರಡನೆಯದಕ್ಕೆ ಸ್ಪಂದಿಸುವುದು ಇನ್ನೊಂದು ಬಗೆ. ಬ್ರಿಟಿಷರು, ಅದರಲ್ಲೂ ಅಪರಿಚಿತರ ನಡುವೆ, ಎರಡನೆಯದರ ಕಡೆ ಹೆಚ್ಚು ವಾಲುತ್ತಾರೆ. ಲಂಡನ್ ಮೆಟ್ರೋದಲ್ಲಿ ಪಕ್ಕದವರು ನಿಮ್ಮ ಕಡೆ ತಿರುಗಿಯೂ ನೋಡದಿದ್ದರೆ ಅದು ತಿರಸ್ಕಾರವಲ್ಲ. ಕಿಕ್ಕಿರಿದ ಡಬ್ಬಿಯಲ್ಲಿ ನಿಮಗೆ ಅವರು ಕೊಡಬಹುದಾದ ಏಕಾಂತ ಅಷ್ಟೇ.

ಹಾಗಾದರೆ ಏನು ಕೇಳಬಹುದು? ಬಂದ ದಾರಿ, ರೈಲು ತಡವಾಗಿದ್ದು, ವಾರಾಂತ್ಯದ ಯೋಜನೆ, ಮನೆ ಮುಂದಿನ ಹೂಗಿಡ, ಫುಟ್‌ಬಾಲ್ ಇವೆಲ್ಲಾ ಸಲೀಸು. ನಾಯಿ ಜೊತೆ ವಾಕಿಂಗ್ ಬಂದವರಾದರೆ ಮೊದಲು ನಾಯಿಯ ಹೆಸರು ಕೇಳಿ. ಅರ್ಧ ಗಂಟೆ ಮಾತಾಡಿದರೂ ಮಾಲೀಕರ ಹೆಸರು ಗೊತ್ತಾಗದೇ ಇರಬಹುದು, ಅದರಲ್ಲಿ ಅಸಹಜವೇನಿಲ್ಲ. ಸಂಬಳ, ವಯಸ್ಸು, ಮದುವೆ, ಮಕ್ಕಳು, ಧರ್ಮ, ಯಾರಿಗೆ ಮತ ಹಾಕಿದಿರಿ ಎಂಬುದನ್ನು ಅವರೇ ಹೇಳುವವರೆಗೆ ಕೇಳಬೇಡಿ. 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಹೊರಬರುವ ಪರ ಬಿದ್ದಿದ್ದು ಶೇ. 51.9 ಮತ. ಒಂದೇ ಮನೆಯೊಳಗೂ ಭಿನ್ನಾಭಿಪ್ರಾಯ ತಂದ ವಿಷಯವದು.

ಕ್ರಿಕೆಟ್ ಮಾತ್ರ ನಮಗೆ ಸಿದ್ಧವಾಗಿರುವ ಸೇತುವೆ. 1983ರ ವಿಶ್ವಕಪ್ ಅನ್ನು ಭಾರತ ಗೆದ್ದಿದ್ದು ಲಂಡನ್ನಿನ ಲಾರ್ಡ್ಸ್‌ನಲ್ಲಿ, ಆ ಟೂರ್ನಿಯಲ್ಲಿ ಅತಿ ಹೆಚ್ಚು, 18 ವಿಕೆಟ್ ಕಿತ್ತಿದ್ದು ಬೆಂಗಳೂರಿನ ರೋಜರ್ ಬಿನ್ನಿ. ರಾಹುಲ್ ದ್ರಾವಿಡ್ 1996ರಲ್ಲಿ ಇದೇ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿ 95 ರನ್ ಹೊಡೆದಿದ್ದರು. ವಯಸ್ಸಾದ ಇಂಗ್ಲಿಷ್ ಕ್ರಿಕೆಟ್ ಪ್ರೇಮಿ ಸಿಕ್ಕರೆ ಇಷ್ಟು ಸಾಕು, ಮುಂದಿನ ಮಾತು ಅವರೇ ಆಡುತ್ತಾರೆ.

'ಪ್ಲೀಸ್' ಬಿಟ್ಟರೆ ಆಜ್ಞೆ ಆಗುತ್ತದೆ, ಏಕೆ?

ಭಾರತೀಯರು ಒರಟಾಗಿ ಮಾತಾಡುತ್ತಾರೆ ಎಂಬ ದೂರು ಕೆಲವೊಮ್ಮೆ ಕೇಳಿಬರುತ್ತದೆ. ಇದರ ಮೂಲ ಇರುವುದು ಸ್ವಭಾವದಲ್ಲಲ್ಲ, ಭಾಷೆಯಲ್ಲಿ.

ಹೋಟೆಲಿನಲ್ಲಿ ನಾವು 'ಒಂದು ಕಾಫಿ ಕೊಡಿ' ಎನ್ನುತ್ತೇವೆ. ಇದು ಪೂರ್ತಿ ಮರ್ಯಾದೆಯ ಮಾತು. 'ಕೊಡು' ಎನ್ನದೆ 'ಕೊಡಿ' ಎಂದಿದ್ದರಲ್ಲೇ ಗೌರವ ಬಂದುಬಿಟ್ಟಿದೆ. 'ದಯವಿಟ್ಟು' ಎಂಬ ಪದ ನಮಗೆ ಬಸ್ಸಿನ ಬೋರ್ಡಿನಲ್ಲಿ, ಆಹ್ವಾನ ಪತ್ರಿಕೆಯಲ್ಲಿ ಕಾಣುತ್ತದೆಯೇ ಹೊರತು ಕಾಫಿ ಕೇಳುವಾಗ ಬಾಯಿಗೆ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಕಾಲಕ್ಕೆ 'ದೌ', 'ಯು' ಎಂದು ನೀನು-ನೀವು ವ್ಯತ್ಯಾಸವಿತ್ತು. ಈಗ ಎಲ್ಲರಿಗೂ 'ಯು' ಒಂದೇ. ಹೀಗಾಗಿ ಅಲ್ಲಿ ಗೌರವವನ್ನು ಬೇರೆ ಕಡೆ ಇಡಬೇಕಾಗುತ್ತದೆ. 'ಪ್ಲೀಸ್', 'ಥ್ಯಾಂಕ್ಯೂ', 'ಕುಡ್ ಐ', 'ವುಡ್ ಯು ಮೈಂಡ್' ಇವೆಲ್ಲಾ ಆ ಕೆಲಸ ಮಾಡುತ್ತವೆ.

ನಾವು 'ಕೊಡಿ'ಯನ್ನು ನೇರವಾಗಿ 'ಗಿವ್ ಮಿ ಒನ್ ಕಾಫಿ' ಎಂದಾಗ ನಮ್ಮ 'ಇ'ಕಾರದ ಮರ್ಯಾದೆ ದಾರಿಯಲ್ಲೇ ಉದುರಿಹೋಗುತ್ತದೆ. ಅವರಿಗೆ ಕೇಳಿಸುವುದು 'ಕೊಡು' ಎಂಬ ಆಜ್ಞೆ ಮಾತ್ರ. ಅದರ ಬದಲು 'ಕ್ಯಾನ್ ಐ ಹ್ಯಾವ್ ಎ ಕಾಫಿ, ಪ್ಲೀಸ್?' ಎನ್ನಿ. 'ಸ್ವಲ್ಪ ಪೆನ್ ಕೊಡ್ತೀರಾ?' ಎಂದು ನಾವು ಪ್ರಶ್ನೆಯಾಗಿ ಕೇಳುವುದಿಲ್ಲವೇ, ಅದೇ ಧಾಟಿ. ಕಾಫಿ ಕೈಗೆ ಬಂದಾಗ ಒಂದು ಥ್ಯಾಂಕ್ಸ್, ಬಿಲ್ ಕೊಡುವಾಗ ಇನ್ನೊಂದು. ಅನೇಕ ಊರುಗಳಲ್ಲಿ ಬಸ್ ಇಳಿಯುವಾಗ ಚಾಲಕನಿಗೂ ಥ್ಯಾಂಕ್ಸ್ ಹೇಳುತ್ತಾರೆ. 'ಚಿಯರ್ಸ್' ಎಂದರೂ ಅಲ್ಲಿ ಧನ್ಯವಾದವೇ, ಕುಡಿಯಲೇಬೇಕೆಂದಿಲ್ಲ.

'ಸಾರಿ' ಕೂಡ ಹಾಗೆಯೇ. ನೀವು ಅವರ ಕಾಲು ತುಳಿದರೂ ಅವರೇ 'ಸಾರಿ' ಎನ್ನಬಹುದು. ಅದು ತಪ್ಪೊಪ್ಪಿಗೆಯಲ್ಲ, ಘರ್ಷಣೆ ಬೇಡ ಎಂಬ ಸೂಚನೆ. ನೀವೂ 'ಸಾರಿ' ಎಂದರೆ ಲೆಕ್ಕ ಚುಕ್ತಾ.

'ಸ್ವಲ್ಪ ತೊಂದರೆ' ಎಂದರೆ ಎಷ್ಟು ತೊಂದರೆ?

ಇಲ್ಲಿಯವರೆಗಿನದ್ದು ತಪ್ಪಿದರೆ ಸ್ವಲ್ಪ ಮುಜುಗರ ಅಷ್ಟೇ. ಆದರೆ ಬ್ರಿಟಿಷರ ಇನ್ನೊಂದು ಅಭ್ಯಾಸವನ್ನು ಅರ್ಥ ಮಾಡಿಕೊಳ್ಳದಿದ್ದರೆ ನಿಜವಾದ ನಷ್ಟವಾಗಬಹುದು. ಅದೇ ಇದ್ದದ್ದನ್ನು ಕಡಿಮೆ ಮಾಡಿ ಹೇಳುವ ಅಭ್ಯಾಸ.

1982ರ ಜೂನ್ 24ರ ಘಟನೆ ನೋಡಿ. ಲಂಡನ್‌ನಿಂದ ಹೊರಟು ಬಾಂಬೆ, ಮದ್ರಾಸ್, ಕ್ವಾಲಾಲಂಪುರ ಮೂಲಕ ಆಸ್ಟ್ರೇಲಿಯಾದ ಕಡೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನ ಇಂಡೊನೇಷ್ಯಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ನುಗ್ಗಿತು. ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತುಹೋದವು. ಆಗ ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು, ನಮಗೊಂದು ಸಣ್ಣ ಸಮಸ್ಯೆ ಎದುರಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ನಿಮಗೆ ಹೆಚ್ಚು ತೊಂದರೆಯಾಗುತ್ತಿಲ್ಲವೆಂದು ಭಾವಿಸುತ್ತೇನೆ ಎಂಬರ್ಥದ ಮಾತು! ಎಂಜಿನ್‌ಗಳು ಮತ್ತೆ ಚಾಲೂ ಆಗಿ ವಿಮಾನ ಜಕಾರ್ತಾದಲ್ಲಿ ಸುರಕ್ಷಿತವಾಗಿ ಇಳಿಯಿತು. ಆ ಘೋಷಣೆ ಬ್ರಿಟಿಷ್ ಮಾತಿನ ರೀತಿಗೆ ಇಂದಿಗೂ ಉದಾಹರಣೆಯಾಗಿ ಉಳಿದಿದೆ.

ಎಲ್ಲ ಕಥೆಗಳೂ ಹೀಗೆ ಸುಖಾಂತ್ಯ ಕಾಣುವುದಿಲ್ಲ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಬಳಿ ಬ್ರಿಟಿಷ್ ಬ್ರಿಗೇಡ್ ಮೇಲೆ ಚೀನಾದ ಭಾರಿ ಸೇನೆ ಮುಗಿಬಿದ್ದಿತ್ತು. ಬ್ರಿಗೇಡಿಯರ್ ಟಾಮ್ ಬ್ರಾಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ 'ಎ ಬಿಟ್ ಸ್ಟಿಕಿ' ಎಂದು ತಿಳಿಸಿದರು ಎನ್ನುತ್ತದೆ ಬಹಳ ಪ್ರಸಿದ್ಧವಾದ ಒಂದು ಪ್ರಸಂಗ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿಗಾದರೆ 'ಮುಳುಗಿದೆವು' ಎಂದು ಅರ್ಥವಾಗುತ್ತಿತ್ತು. ಅಮೆರಿಕನ್ ಅಧಿಕಾರಿ ಅದನ್ನು 'ಸ್ವಲ್ಪ ಕಷ್ಟ, ನಿಭಾಯಿಸುತ್ತಾರೆ' ಎಂದು ತಿಳಿದರು. ಗ್ಲೌಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ ಬೆಟ್ಟವೊಂದರ ಮೇಲೆ ಸುತ್ತುವರಿಯಲ್ಪಟ್ಟಿತು. ತಪ್ಪಿಸಿಕೊಂಡವರು ಬೆರಳೆಣಿಕೆಯಷ್ಟು, ಉಳಿದವರಲ್ಲಿ ಬಹುತೇಕರು ಸತ್ತರು ಇಲ್ಲವೇ ಸೆರೆಯಾದರು. ಇಬ್ಬರೂ ಆಡಿದ್ದು ಒಂದೇ ಇಂಗ್ಲಿಷ್ ಎಂಬುದನ್ನು ಗಮನಿಸಿ.

ನಮ್ಮ ಕಚೇರಿ, ಕಾಲೇಜುಗಳಲ್ಲಿ ಯುದ್ಧವೇನೂ ನಡೆಯುವುದಿಲ್ಲ. ಆದರೆ ಪ್ರಬಂಧ ಫೇಲ್ ಆಗುವುದು, ಪ್ರಾಜೆಕ್ಟ್ ಕೈತಪ್ಪುವುದು ಇದೇ ಕಾರಣಕ್ಕೆ. ಪದೇ ಪದೇ ಕಿವಿಗೆ ಬೀಳುವ ಕೆಲವು ಮಾತು ಮತ್ತು ಅವುಗಳ ಸಾಮಾನ್ಯ ಅರ್ಥ ಹೀಗಿದೆ:

- 'ನಾಟ್ ಬ್ಯಾಡ್': ಚೆನ್ನಾಗಿದೆ. ಬೇಸರ ಮಾಡಿಕೊಳ್ಳಬೇಡಿ.
- 'ಕ್ವೈಟ್ ಗುಡ್': ಹೊಗಳಿಕೆ ಎಂದು ಹಿಗ್ಗಬೇಡಿ. ಅನೇಕ ಬಾರಿ ಇದರ ಅರ್ಥ 'ಪರವಾಗಿಲ್ಲ' ಅಷ್ಟೇ.
- 'ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್ ಅಗೇನ್': ಇದು ಸಲಹೆಯಲ್ಲ. ಇದನ್ನು ತಿದ್ದಲೇಬೇಕು ಎಂದರ್ಥ.
- 'ಎ ಫ್ಯೂ ಮೈನರ್ ಕಾಮೆಂಟ್ಸ್': ಕುಳಿತು ಪೂರ್ತಿ ಓದಿ. ಮೈನರ್ ಆಗಿರದೇ ಇರಬಹುದು.
- 'ವಿತ್ ರೆಸ್ಪೆಕ್ಟ್': ನೀವು ಹೇಳಿದ್ದನ್ನು ಒಪ್ಪುವುದಿಲ್ಲ ಎಂಬುದಕ್ಕೆ ಪೀಠಿಕೆ.
- 'ಐಲ್ ಬೇರ್ ಇಟ್ ಇನ್ ಮೈಂಡ್': 'ನೋಡೋಣ' ಎಂದು ನಾವು ಹೇಳುವಂಥದ್ದೇ. ಹೆಚ್ಚು ನಂಬಿಕೊಳ್ಳಬೇಡಿ.

ಎಲ್ಲರೂ ಎಲ್ಲ ಸಲವೂ ಇದೇ ಅರ್ಥದಲ್ಲಿ ಹೇಳುತ್ತಾರೆಂದಲ್ಲ. ಧ್ವನಿ, ಸಂದರ್ಭ ನೋಡಬೇಕು. ಅನುಮಾನ ಬಂದರೆ ವಿನಯದಿಂದಲೇ ಕೇಳುವುದು ಒಳ್ಳೆಯದು. 'ಜಸ್ಟ್ ಟು ಚೆಕ್, ಇದನ್ನು ಬದಲಾಯಿಸಿಯೇ ಸಲ್ಲಿಸಬೇಕೇ?' ಎಂದು ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಹಾಗೆ ಕೇಳುವುದನ್ನು ಅಲ್ಲಿ ಯಾರೂ ದಡ್ಡತನ ಎಂದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಈ ಅಭ್ಯಾಸ ನಮಗೂ ಅಂಟಿಕೊಂಡುಬಿಡುತ್ತದೆ. ವೈದ್ಯರು 'ಹೌ ಆರ್ ಯು?' ಎಂದಾಗ ಬಾಯಿ ತಪ್ಪಿ 'ಫೈನ್' ಎನ್ನುತ್ತೇವೆ. ಅಲ್ಲಿ ಮಾತ್ರ ಸೌಜನ್ಯ ಬದಿಗಿಡಿ. ಎದೆನೋವಿದ್ದರೆ ಎದೆನೋವು ಎಂದೇ ಹೇಳಿ, ಎಷ್ಟು ದಿನದಿಂದ, ಎಷ್ಟು ತೀವ್ರ ಎಂದು ಬಿಡಿಸಿ ಹೇಳಿ. ತುರ್ತು ಸಹಾಯಕ್ಕೆ ಕರೆ ಮಾಡಬೇಕಾದ ಸಂಖ್ಯೆ 999. ತುರ್ತಲ್ಲದ ವೈದ್ಯಕೀಯ ಸಲಹೆಗೆ 111. ಮಕ್ಕಳ ಮನೆಗೆ ಹೋಗುವ ಹಿರಿಯರು ಈ ಎರಡು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಎಲ್ಲರನ್ನೂ 'ಇಂಗ್ಲಿಷರು' ಎನ್ನಬೇಡಿ

ದೆಹಲಿಯಲ್ಲೋ ಮುಂಬೈನಲ್ಲೋ ಯಾರಾದರೂ ನಮ್ಮನ್ನು 'ಮದ್ರಾಸಿ' ಎಂದಾಗ ಹೇಗನಿಸುತ್ತದೆ? ಸ್ಕಾಟ್ಲೆಂಡಿನವರನ್ನು 'ಇಂಗ್ಲಿಷ್' ಎಂದರೆ ಅವರಿಗೂ ಹಾಗೆಯೇ ಅನಿಸುತ್ತದೆ. ಯುನೈಟೆಡ್ ಕಿಂಗ್‌ಡಂನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಂಬ ನಾಲ್ಕು ಭಾಗಗಳಿವೆ. 2014ರಲ್ಲಿ ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೇ ಎಂಬ ಜನಮತಗಣನೆಯೇ ನಡೆದು, ಶೇ. 55ರಷ್ಟು ಜನ ಬೇಡ ಎಂದಿದ್ದರು. ಉತ್ತರ ಐರ್ಲೆಂಡ್ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿನವರು ತಮ್ಮನ್ನು ಬ್ರಿಟಿಷ್, ಐರಿಷ್ ಅಥವಾ ಎರಡೂ ಎಂದು ಗುರುತಿಸಿಕೊಳ್ಳುವ ಹಕ್ಕನ್ನು 1998ರ ಗುಡ್ ಫ್ರೈಡೇ ಒಪ್ಪಂದ ಕೊಟ್ಟಿದೆ. ಡಬ್ಲಿನ್ ಇರುವ ಐರ್ಲೆಂಡ್ ಅಂತೂ ಪ್ರತ್ಯೇಕ ದೇಶವೇ. ಅವರಾಗಿ ತಾವು ಯಾರು ಎಂದು ಹೇಳುವವರೆಗೆ ಕಾಯುವುದು ಒಳಿತು. ಸ್ಕಾಟಿಷ್ ಗೆಳೆಯರ ಜೊತೆ ಮಾತಾಡಲು ವಿಷಯ ಬೇಕೆಂದರೆ, 2003ರಲ್ಲಿ ನಮ್ಮ ದ್ರಾವಿಡ್ ಸ್ಕಾಟ್ಲೆಂಡ್ ತಂಡದ ಪರ ಆಡಿದ್ದರು ಎಂಬುದು ಒಳ್ಳೆಯ ಆರಂಭ.

ಊರಿಂದ ಊರಿಗೆ ಮಾತಿನ ಸಲಿಗೆಯೂ ಬೇರೆ. ಉತ್ತರ ಇಂಗ್ಲೆಂಡಿನವರು ಲಂಡನ್ನಿನವರಿಗಿಂತ ಬೇಗ ಮಾತಿಗಿಳಿಯುತ್ತಾರೆ ಎಂಬ ಹೆಸರಿದೆ. ಅಂಗಡಿಯಾಕೆ 'ಲವ್' ಎಂದರೆ, ನ್ಯೂಕಾಸಲ್‌ನಲ್ಲಿ 'ಪೆಟ್', ಸ್ಟೋಕ್ ಕಡೆ 'ಡಕ್' ಎಂದರೆ ಗಾಬರಿ ಬೇಡ. ನಮ್ಮ ಕಡೆ ತರಕಾರಿಯವರು 'ಬಾರವ್ವಾ', 'ಏನಣ್ಣಾ' ಎಂದಂತೆ ಅದು. ಉತ್ತರದ ಕಡೆ 'ಟೀಗೆ ಬನ್ನಿ' ಎಂದು ಕರೆದರೆ ಅದು ರಾತ್ರಿಯ ಊಟವೂ ಆಗಿರಬಹುದು. ತಿಂದು ಹೋಗಬೇಡಿ.

ಇನ್ನೊಂದು ಮುಖ್ಯ ವಿಷಯ. 2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 19 ಲಕ್ಷ ಜನ ಭಾರತೀಯ ಮೂಲದವರು. ನಮ್ಮ ಚಹರೆಯವರನ್ನು ಕಂಡ ಕೂಡಲೇ 'ನಿಮ್ಮ ಊರು ಯಾವುದು?' ಎಂದು ಕೇಳುವ ಆಸೆಯಾಗುತ್ತದೆ. ಅವರು 'ಲೆಸ್ಟರ್' ಎಂದರೆ ಅಲ್ಲಿಗೆ ನಿಲ್ಲಿಸಿ. 'ಅಲ್ಲ, ನಿಜವಾದ ಊರು?' ಎಂದು ಕೆದಕಬೇಡಿ. ಅದು ಅವರು ಹುಟ್ಟಿನಿಂದ ಕೇಳಿ ಬೇಸತ್ತ ಪ್ರಶ್ನೆ. 2022ರ ನವೆಂಬರ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಸಮಾರಂಭವೊಂದರಲ್ಲಿ ಸಂಸ್ಥೆಯೊಂದರ ಮುಖ್ಯಸ್ಥೆಯಾಗಿದ್ದ ಕಪ್ಪುವರ್ಣೀಯ ಮಹಿಳೆಗೆ ಅರಮನೆಯ ಹಿರಿಯ ಸದಸ್ಯೆಯೊಬ್ಬರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ, ಕೊನೆಗೆ ಹುದ್ದೆ ಬಿಡಬೇಕಾಯಿತು.

ಮನೆಗೆ ಬನ್ನಿ ಎಂದರೆ ಹೋಗಬಹುದಾ?

'ಯು ಮಸ್ಟ್ ಕಮ್ ರೌಂಡ್ ಸಮ್‌ಟೈಮ್' ಎಂದರೆ ಅದು ನಮ್ಮ 'ಒಂದ್ಸಲ ಮನೆಗೆ ಬನ್ನಿ' ಇದ್ದಂತೆ. ದಿನ, ಸಮಯ ಹೇಳಿದರೆ ಮಾತ್ರ ಆಹ್ವಾನ. ನಿಜವಾಗಿ ಕರೆದರೆ ಹೇಳಿದ ಸಮಯಕ್ಕೆ ಅಥವಾ ಐದು ಹತ್ತು ನಿಮಿಷ ತಡವಾಗಿ ಹೋಗಿ, ಮೊದಲೇ ಹೋಗುವುದು ಬೇಡ. ಹೂವೋ ಚಾಕೊಲೇಟೋ ಕೈಯಲ್ಲಿರಲಿ. ಸಸ್ಯಾಹಾರಿಗಳಾದರೆ ಮುಂಚೆಯೇ ತಿಳಿಸಿ. ಅದರಲ್ಲಿ ಸಂಕೋಚ ಬೇಕಿಲ್ಲ, ಬ್ರಿಟನ್‌ನಲ್ಲಿ ಸಸ್ಯಾಹಾರಿಗಳ ಸಂಘ ಶುರುವಾಗಿದ್ದೇ 1847ರಲ್ಲಿ.

ಊಟ ಬಡಿಸುತ್ತಾ ಮನೆಯಾಕೆ 'ನನಗೆ ಅಡುಗೆ ಬರುವುದೇ ಇಲ್ಲ' ಎನ್ನಬಹುದು. ತಲೆಯಾಡಿಸಿಬಿಟ್ಟೀರಿ! ನಮ್ಮ ಮನೆಗಳಲ್ಲಿ ಹತ್ತು ಬಗೆ ಬಡಿಸಿ 'ಏನೋ ಇದ್ದದ್ದರಲ್ಲಿ ಮಾಡಿದ್ದೇನೆ' ಎನ್ನುವುದಿಲ್ಲವೇ, ಅದೇ ಇದು. ಅದೇ ರೀತಿ ನಿಮ್ಮ ರ‍್ಯಾಂಕ್, ಸಂಬಳ, ಮಗನ ಹುದ್ದೆ ಬಗ್ಗೆ ನೀವಾಗಿ ಹೇಳಿಕೊಳ್ಳುವುದು ಅಲ್ಲಿ ಬಡಾಯಿ ಎನಿಸುತ್ತದೆ.

ಪಬ್‌ನಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಎಲ್ಲರಿಗೂ ಪಾನೀಯ ಕೊಡಿಸುವ ಪದ್ಧತಿ ಇದೆ. ಕುಡಿಯದವರು ಜ್ಯೂಸ್ ತೆಗೆದುಕೊಳ್ಳಬಹುದು, ಆದರೆ ತಮ್ಮ ಸರದಿ ಬಂದಾಗ ಎಲ್ಲರಿಗೂ ಕೊಡಿಸುವುದನ್ನು ಮರೆಯಬಾರದು.

ಇತಿಹಾಸದ ಮಾತು ಬಂದರೆ?

ಬ್ರಿಟಿಷ್ ಆಳ್ವಿಕೆ, ಕೊಹಿನೂರ್, ಜಲಿಯನ್‌ವಾಲಾ ಬಾಗ್ ಇವನ್ನು ಎಂದೂ ಎತ್ತಲೇಬಾರದು ಎಂದೇನಿಲ್ಲ. ಸೌಜನ್ಯ ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. 2015ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಚರ್ಚೆಯಲ್ಲಿ ಶಶಿ ತರೂರ್, ಬ್ರಿಟನ್ ಭಾರತಕ್ಕೆ ನೈತಿಕವಾಗಿ ಋಣಿ ಎಂದು ಅವರ ನೆಲದಲ್ಲೇ ನಿಂತು ವಾದಿಸಿದರು. ದನಿ ಏರಿಸಲಿಲ್ಲ, ಹಾಸ್ಯ ಬಿಡಲಿಲ್ಲ, ವಿಷಯವನ್ನೂ ಸಡಿಲಿಸಲಿಲ್ಲ. ಎದುರಿಗಿರುವ ವ್ಯಕ್ತಿ ಆ ಸಾಮ್ರಾಜ್ಯ ಕಟ್ಟಿದವನಲ್ಲ ಎಂಬುದು ನೆನಪಿದ್ದರೆ ಕಟು ಸತ್ಯವನ್ನೂ ಚಹಾ ಕುಡಿಯುತ್ತಲೇ ಹೇಳಬಹುದು.

ಹಾಗೆಯೇ ಯಾರಾದರೂ ನಿಮ್ಮ ಬಣ್ಣ, ಉಚ್ಚಾರಣೆ ಬಗ್ಗೆ ಹೀಯಾಳಿಸಿದರೆ ಅದನ್ನು 'ಅವರ ಸಂಸ್ಕೃತಿ' ಎಂದು ನುಂಗಿಕೊಳ್ಳಬೇಕಿಲ್ಲ. ಸೌಜನ್ಯದ ನಿಯಮ ಅವರಿಗೂ ಅನ್ವಯ. ವಿಶ್ವವಿದ್ಯಾಲಯ, ಕಚೇರಿಗಳಲ್ಲಿ ದೂರು ಕೊಡುವ ವ್ಯವಸ್ಥೆ ಇರುತ್ತದೆ, ಬಳಸಿಕೊಳ್ಳಿ.

ಥೇಮ್ಸ್ ದಡದಲ್ಲಿ ಬಸವಣ್ಣ

ಇಷ್ಟೆಲ್ಲಾ ಓದಿ, ಮಾತಾಡುವುದೇ ಬೇಡಪ್ಪಾ ಎನಿಸಿದರೆ ಅದು ಈ ಬರಹದ ಸೋಲು. ತಪ್ಪು ಮಾಡಿದರೂ ಒಂದು 'ಸಾರಿ', ಒಂದು ನಗು ಸಾಕು. ಹೊರಗಿನಿಂದ ಬಂದವರ ತಪ್ಪನ್ನು ಹೆಚ್ಚಿನವರು ಮನ್ನಿಸುತ್ತಾರೆ. ಮನ್ನಿಸಲು ಕಷ್ಟವಾಗುವುದು ಕ್ಯೂ ಮುರಿಯುವುದನ್ನು ಮಾತ್ರ!

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದ್ದರು. ಬಂದವರನ್ನು ಕುಶಲ ಕೇಳಿ, ಕುಳಿತುಕೊಳ್ಳಿ ಎಂದರೆ ನಿಮ್ಮದೇನು ಕಳೆದುಹೋಗುತ್ತದೆ ಎಂದು 12ನೇ ಶತಮಾನದಲ್ಲೇ ವಚನದಲ್ಲಿ ಕೇಳಿದವರು ಅವರು. ಆ ಕಡೆ ಹೋದರೆ ಪ್ರತಿಮೆಯ ಮುಂದೆ ಒಂದು ನಿಮಿಷ ನಿಲ್ಲಿ. ನಾಯಿ ಹಿಡಿದು ವಾಕಿಂಗ್ ಬಂದ ಯಾರಾದರೂ 'ಲವ್ಲಿ ಡೇ, ಇಸಂಟ್ ಇಟ್?' ಎನ್ನಬಹುದು. ಮೋಡ ಕವಿದಿದ್ದರೂ ಸರಿ, ಹೌದು ಎನ್ನಿ. ಇವರು ಯಾರು ಎಂದು ಪ್ರತಿಮೆ ತೋರಿಸಿ ಕೇಳಿದರೆ, ಹೇಳಲು ನಿಮ್ಮ ಬಳಿ ಬೇಕಾದಷ್ಟಿದೆ.